ಕಲ್ಲಿನ ಕಾವಲಿಗೆ ನಿಂತವರು

ಊರಾಚೆಯ ಕೆರೆಯ ಏರಿಯ ಮೇಲೋ, ಅರಳಿಕಟ್ಟೆಯ ಮಗ್ಗುಲಲ್ಲೋ, ಹಾಳುಬಿದ್ದ ಗುಡಿಯ ಅಂಗಳದಲ್ಲೋ ಅರ್ಧ ಹೂತುಹೋದ ಅಕ್ಷರದ ಕಲ್ಲೊಂದನ್ನು ನಮ್ಮಲ್ಲಿ ಹೆಚ್ಚಿನವರು ಕಂಡೇ ಇರುತ್ತೇವೆ. ಕಂಡರೂ ಅದರ ಮುಂದೆ ನಿಂತವರು ವಿರಳ. ಅದು ಒಂದೂರಿನಲ್ಲಿ ದನ ಕಟ್ಟುವ ಗೂಟವಾಗಿರುತ್ತದೆ, ಇನ್ನೊಂದೂರಿನಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿರುತ್ತದೆ, ಮತ್ತೊಂದೆಡೆ ಚರಂಡಿಯ ಮೇಲಿನ ಹಾಸುಗಲ್ಲಾಗಿರುತ್ತದೆ. ಅದರ ಮೈಮೇಲಿನ ಸಾಲುಗಳು ಏನನ್ನೋ ಹೇಳುತ್ತಿವೆ ಎಂಬುದು ನಮಗೆ ಗೊತ್ತು. ಆದರೆ ಕೇಳಿಸಿಕೊಳ್ಳುವ ವ್ಯವಧಾನ ನಮಗಿಲ್ಲ. ಹೀಗಿರುವಾಗ, ಯಾವ ಸಂಬಳವನ್ನೂ ಬಯಸದೆ ರಜಾದಿನಗಳಲ್ಲಿ ಇಂತಹ ಕಲ್ಲುಗಳನ್ನು ಹುಡುಕಿಕೊಂಡು ಹೋಗುವ ಜನ ನಮ್ಮ ನಡುವೆಯೇ ಇದ್ದಾರೆ ಎಂಬುದು ಸಂತೋಷದ ಸಂಗತಿ. ಆ ಸ್ವಯಂಸೇವಕರ ಕೆಲಸವೇನು, ಅದರ ಹಿಂದಿನ ಪರಂಪರೆ ಯಾವುದು, ಅದರಲ್ಲಿ ನಮಗಿರುವ ಪಾಲೆಷ್ಟು ಎಂಬುದನ್ನು ಇಲ್ಲಿ ನೋಡೋಣ.

ಶಾಸನವೆಂದರೆ ರಾಜರ ಹೊಗಳಿಕೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಹಳ್ಳಿಯ ಕಲ್ಲುಗಳಲ್ಲಿ ಹೆಚ್ಚಿನವು ಸಾಮಾನ್ಯ ಜನರ ದಾಖಲೆಗಳು. ತುರುಗಳನ್ನು ಅಟ್ಟಿಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತವನ ವೀರಗಲ್ಲು, ಕೆರೆ ಕಟ್ಟಿಸಿದವರ ನೆನಪು, ಭೂಮಿಯನ್ನು ದಾನ ಕೊಟ್ಟಾಗ ಅದರ ನಾಲ್ಕು ಎಲ್ಲೆಗಳ ವಿವರ, ತೆರಿಗೆಯ ಮನ್ನಾ, ಕೊಟ್ಟ ಮಾತನ್ನು ಮುರಿದವರಿಗೆ ಶಾಪ: ಇವೆಲ್ಲ ಅಲ್ಲಿವೆ. ಇಂದು ನೋಂದಣಿ ಕಚೇರಿಯ ಕಡತ ಮಾಡುವ ಕೆಲಸವನ್ನು ಅಂದು ಕಲ್ಲು ಮಾಡುತ್ತಿತ್ತು.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಈ ಊರಿಗೆ ‘ಬೆಂದಕಾಳೂರು’ ಎಂಬ ಹೆಸರು ಬಂತೆಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಎಂದರೆ, ಆ ಕಥೆಯ ದೊರೆ ಹುಟ್ಟುವುದಕ್ಕೆ ಶತಮಾನಗಳ ಮುಂಚೆಯೇ ಆ ಹೆಸರು ಜನರ ನಾಲಿಗೆಯಲ್ಲಿತ್ತು. ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿರುವ ತಮಿಳು ಶಾಸನವೊಂದು ‘ವೆಂಗಳೂರಿನ’ ದೊಡ್ಡ ಕೆರೆಯ ಕೆಳಗಿನ ಭೂಮಿಯ ದಾನವನ್ನು ಕುರಿತು ಹೇಳುತ್ತದೆ. ಕೆಂಪೇಗೌಡರು ತಮ್ಮ ಕೋಟೆ ಪೇಟೆಗಳನ್ನು ಕಟ್ಟಿದ್ದು 1537ರಲ್ಲಿ. ಅದಕ್ಕೆ ಮೊದಲು ಇಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಉತ್ತರ ಕೊಡುವ ಸಾಕ್ಷಿಗಳಲ್ಲಿ ಈ ಕಲ್ಲುಗಳು ಮುಖ್ಯವಾದವು.

ಈ ಸಾಕ್ಷಿಗಳನ್ನು ಮೊದಲ ಬಾರಿಗೆ ಕ್ರಮವಾಗಿ ಸಂಗ್ರಹಿಸಿದವರು ಬೆಂಜಮಿನ್ ಲೂಯಿಸ್ ರೈಸ್. ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳಾಗಿ ಬೆಂಗಳೂರಿಗೆ ಬಂದು, ಕನ್ನಡ ಕಲಿತು, ಸುಮಾರು ಐದು ದಶಕಗಳನ್ನು ಇಲ್ಲಿಯೇ ಕಳೆದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮಗ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಬಂದು, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಮೈಸೂರು ಸೀಮೆಯ ಶಾಲೆಗಳ ತಪಾಸಣೆಗೆ ಊರೂರು ತಿರುಗುವಾಗ ಅವರ ಕಣ್ಣಿಗೆ ಬಿದ್ದದ್ದು ಈ ಕಲ್ಲುಗಳು. ಪುರಾತತ್ವ ಶೋಧನೆ ಅವರ ಪೂರ್ಣಾವಧಿ ಹುದ್ದೆಯಾದದ್ದು ಬಹಳ ಕಾಲದ ನಂತರ. ಮೊದಲಿಗೆ ಅದು ಸರ್ಕಾರಿ ಕೆಲಸದ ಜೊತೆಗೆ ಹೊತ್ತುಕೊಂಡ ಹೆಚ್ಚಿನ ಹೊರೆಯಾಗಿತ್ತು. 1879ರಲ್ಲಿ ಮೈಸೂರು ಶಾಸನಗಳ ಅನುವಾದ ಪ್ರಕಟವಾಯಿತು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆ ಹನ್ನೆರಡು ಸಂಪುಟಗಳಾಗಿ ಬೆಳೆದು ಸುಮಾರು 9,000 ಶಾಸನಗಳನ್ನು ಒಳಗೊಂಡಿತು. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದವರೂ ಅವರೇ.

ರೈಸರ ಹೆಸರಿನ ಹಿಂದೆ ಅನೇಕರ ದುಡಿಮೆಯಿದೆ ಎಂಬುದನ್ನು ಮರೆಯಬಾರದು. ಹಳಗನ್ನಡ, ಸಂಸ್ಕೃತ, ತಮಿಳು ಪಂಡಿತರು, ಬಿಸಿಲಿನಲ್ಲಿ ನಿಂತು ಪಡಿಯಚ್ಚು ತೆಗೆದ ಸಹಾಯಕರು, ‘ನಮ್ಮೂರಿನಲ್ಲೂ ಅಂಥದೊಂದು ಕಲ್ಲಿದೆ’ ಎಂದು ದಾರಿ ತೋರಿದ ರೈತರು ಇಲ್ಲದಿದ್ದರೆ ಆ ಸಂಪುಟಗಳು ಹುಟ್ಟುತ್ತಿರಲಿಲ್ಲ. ಇತಿಹಾಸದ ಕೆಲಸ ಎಂದೂ ಒಬ್ಬನಿಂದ ಆದದ್ದಲ್ಲ.

ಇದೇ ಬೆಂಗಳೂರಿನಲ್ಲಿ 1909ರಲ್ಲಿ ಮಿಥಿಕ್ ಸೊಸೈಟಿ ಸ್ಥಾಪನೆಯಾಯಿತು. ಇತಿಹಾಸ, ಪುರಾಣ, ಜನಜೀವನಗಳ ಅಧ್ಯಯನಕ್ಕಾಗಿ ಆಸಕ್ತರು ತಾವಾಗಿಯೇ ಕೂಡಿ ಕಟ್ಟಿದ ಸಂಸ್ಥೆ ಅದು. ಅದರ ಸ್ಥಾಪಕರಲ್ಲಿ ಒಬ್ಬರೂ ಹಲವು ವರ್ಷಗಳ ಕಾಲ ಅಧ್ಯಕ್ಷರೂ ಆಗಿದ್ದವರು ಫ್ರೆಂಚ್ ಮಿಷನರಿ ಫಾದರ್ ಎ. ಎಂ. ತಬಾರ್ಡ್, ಸಂತ ಪ್ಯಾಟ್ರಿಕ್ಕರ ದೇವಾಲಯದ ಗುರುಗಳು. ಧರ್ಮಕೇಂದ್ರದ ಹೊಣೆಯ ನಡುವೆಯೂ ಅವರು ಈ ನಾಡಿನ ಪ್ರಾಚೀನ ಸಂಗತಿಗಳ ಚರ್ಚೆಗೆ ವೇದಿಕೆಯೊಂದನ್ನು ಉಳಿಸಿ ಬೆಳೆಸಿದರು. ಆ ಸಂಸ್ಥೆ ಇಂದಿಗೂ ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನದಲ್ಲಿದೆ. ನೆರೆಯವನ ಚರಿತ್ರೆಯನ್ನು ಗೌರವದಿಂದ ಓದುವುದು ತಮ್ಮ ನಂಬಿಕೆಗೆ ಕುಂದು ತರುವುದೆಂದು ಆ ಹಿರಿಯರು ಭಾವಿಸಲಿಲ್ಲ ಎಂಬುದು ಗಮನಿಸತಕ್ಕ ವಿಷಯ.

ರೈಸರ ಸಂಪುಟಗಳಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದ ಒಂಬತ್ತನೆಯದು 1905ರಲ್ಲಿ ಅಚ್ಚಾಯಿತು. ಅದಾದ ಮೇಲೆ ಏನಾಯಿತು? ಅಂದು ಹೊಲವಾಗಿದ್ದುದು ಬಡಾವಣೆಯಾಯಿತು, ಕೆರೆಯಂಗಳ ಬಸ್ ನಿಲ್ದಾಣವಾಯಿತು, ಬಂಡಿದಾರಿ ಹೆದ್ದಾರಿಯಾಯಿತು. ಆ ಸಂಪುಟದಲ್ಲಿ ಓದಿ ಕಲ್ಲನ್ನು ಹುಡುಕಿಕೊಂಡು ಹೋದವರಿಗೆ ಎಷ್ಟೋ ಕಡೆ ಬರಿಯ ಕಾಂಕ್ರೀಟು ಕಂಡಿತು. ಕೆಲವು ಕಲ್ಲುಗಳು ಒಡೆದು ಅಡಿಪಾಯ ಸೇರಿದವು. ಶಾಸನದ ಕೆಳಗೆ ನಿಧಿಯಿದೆ ಎಂಬ ಭ್ರಮೆಯಿಂದ ರಾತ್ರೋರಾತ್ರಿ ಅಗೆದು ಉರುಳಿಸಿದ ಕಲ್ಲುಗಳೂ ಉಂಟು. ದೇವರೆಂದು ಪೂಜೆಗೊಂಡ ಕಲ್ಲುಗಳು ಉಳಿದುಕೊಂಡವು. ಜನರ ಭಕ್ತಿಯೇ ಅವುಗಳಿಗೆ ಕಾವಲಾಯಿತು. ಆದರೆ ಎಣ್ಣೆ, ಸುಣ್ಣ, ಬಣ್ಣಗಳ ಪದರದ ಕೆಳಗೆ ಅವುಗಳ ಅಕ್ಷರ ಮುಚ್ಚಿಹೋಯಿತು. ಕಲ್ಲು ಕಳೆದುಹೋದ ಕಡೆ ರೈಸರ ಪುಸ್ತಕದ ನಾಲ್ಕು ಸಾಲುಗಳೇ ಉಳಿದ ಏಕೈಕ ಸಾಕ್ಷಿ. ಆ ಓದಿನಲ್ಲಿ ತಪ್ಪಿದ್ದರೆ ತಿದ್ದಲು ಮೂಲವೇ ಇಲ್ಲ.

ಈ ನಷ್ಟವನ್ನು ಕಂಡು ಮರುಗಿದ ಕೆಲವು ನಾಗರಿಕರು ಸುಮಾರು 2017ರಿಂದ ಒಂದಾಗಿ ಕೆಲಸಕ್ಕಿಳಿದರು. ವೃತ್ತಿಯಿಂದ ಇಂಜಿನಿಯರ್ ಆದ ಪಿ. ಎಲ್. ಉದಯ ಕುಮಾರ್ ಅವರೂ ಸಂಗಡಿಗರೂ ಹಳೆಯ ಸಂಪುಟವನ್ನು ಕೈಯಲ್ಲಿ ಹಿಡಿದು, ಒಂದೊಂದೇ ಊರಿಗೆ ಹೋಗಿ, ಇರುವ ಕಲ್ಲುಗಳನ್ನು ಗುರುತಿಸತೊಡಗಿದರು. ಅವರಲ್ಲಿ ಹೆಚ್ಚಿನವರು ಇತಿಹಾಸದ ಪದವೀಧರರಲ್ಲ. ಬೇರೆ ಬೇರೆ ವೃತ್ತಿಗಳಿಂದ ಬಂದವರು. 2018ರಲ್ಲಿ ಹೆಬ್ಬಾಳದಲ್ಲಿ ಇಂತಹ ಆಸಕ್ತರ ಕಣ್ಣಿಗೆ ಬಿದ್ದ ವೀರಗಲ್ಲೊಂದನ್ನು ವಿದ್ವಾಂಸರು ಓದಿದಾಗ ಅದು ಗಂಗ ದೊರೆ ಶ್ರೀಪುರುಷನ ಕಾಲದ್ದೆಂದು, ಸುಮಾರು ಕ್ರಿ.ಶ. 750ರದ್ದೆಂದು ತಿಳಿಯಿತು. ಅದರಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಹೆಸರಿದೆ. ಹಳಗನ್ನಡದಲ್ಲಿ ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಪಕಾರ ಹಕಾರವಾದಾಗ ಆ ಹಿರಿಯ ಪಟ್ಟಣವೇ ಇಂದಿನ ಹೆಬ್ಬಾಳ. ಹೋರಾಡಿ ಮಡಿದ ಕಿತ್ತಯ್ಯನೆಂಬವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಸಾರ್ವಜನಿಕರ ನೆರವಿನಿಂದ ಅದಕ್ಕೊಂದು ಮಂಟಪವೂ ಆಯಿತು. ಸುಮಾರು 1,270 ವರ್ಷಗಳ ಹಿಂದೆ ಸತ್ತ ಒಬ್ಬ ಸಾಮಾನ್ಯನ ಹೆಸರನ್ನು ಇಂದಿನ ಮಕ್ಕಳು ಓದುವಂತಾದುದು ಈ ಸ್ವಯಂಸೇವೆಯ ಫಲ.

2021ರಲ್ಲಿ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ, ಉದಯ ಕುಮಾರ್ ಅವರ ನೇತೃತ್ವದಲ್ಲಿ, ಬೆಂಗಳೂರು ಸೀಮೆಯ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯ ಯೋಜನೆ ಆರಂಭವಾಯಿತು. ಹಿಂದಿನ ಪದ್ಧತಿಯಲ್ಲಿ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ತಟ್ಟಿ ಅಕ್ಷರದ ಕುಳಿಗಳಿಗೆ ಕೂರಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಅದು ಇಂದಿಗೂ ಬಳಕೆಯಲ್ಲಿರುವ ಒಳ್ಳೆಯ ವಿಧಾನವೇ. ಆದರೆ ಸವೆದ ಅಕ್ಷರಗಳು ಅದರಲ್ಲಿ ಸರಿಯಾಗಿ ಮೂಡುವುದಿಲ್ಲ. ಹೊಸ ಪದ್ಧತಿಯಲ್ಲಿ ಸ್ಕ್ಯಾನರ್ ಯಂತ್ರವು ಕಲ್ಲಿನ ಮೇಲೆ ಬೆಳಕಿನ ವಿನ್ಯಾಸವೊಂದನ್ನು ಹಾಯಿಸುತ್ತದೆ. ಆ ಬೆಳಕು ಉಬ್ಬುತಗ್ಗುಗಳಲ್ಲಿ ಹೇಗೆ ಬಾಗುತ್ತದೆ ಎಂಬುದನ್ನು ಕ್ಯಾಮೆರಾ ಅಳೆದು ಕಲ್ಲಿನ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಡುತ್ತದೆ. ವಿದ್ವಾಂಸನು ತನ್ನ ಮೇಜಿನ ಮುಂದೆ ಕುಳಿತು ಆ ಪ್ರತಿರೂಪದ ಮೇಲೆ ಬೇಕಾದ ಕೋನದಿಂದ ಬೆಳಕು ಬೀರಿ ಅಕ್ಷರಗಳನ್ನು ಬಿಡಿಸಿಕೊಳ್ಳಬಹುದು. ನಾಳೆ ಕಲ್ಲು ಒಡೆದರೂ ಅದರ ರೂಪ ಉಳಿಯುತ್ತದೆ. ಹಿಂದಿನ ಓದಿನ ತಪ್ಪುಗಳನ್ನು ತಿದ್ದಲೂ ಅವಕಾಶವಾಗುತ್ತದೆ.

ಯಂತ್ರ ಎಷ್ಟೇ ನಿಪುಣವಾಗಿರಲಿ, ಕಲ್ಲು ಎಲ್ಲಿದೆ ಎಂದು ಅದಕ್ಕೆ ಹೇಳುವವರು ಮನುಷ್ಯರೇ. ಇಲ್ಲಿಯೇ ಸಾಮಾನ್ಯ ಸ್ವಯಂಸೇವಕನ ಪಾತ್ರವಿರುವುದು. ಊರ ಹಿರಿಯರನ್ನು ಮಾತಿಗೆಳೆಯುವುದು, ಕಲ್ಲಿನ ಸುತ್ತ ಬೆಳೆದ ಕಳೆಯನ್ನು ತೆಗೆಯುವುದು, ಜಾಗದ ಗುರುತನ್ನು ಬರೆದಿಡುವುದು, ಅಳತೆ ತೆಗೆಯುವುದು, ಓರೆಬಿಸಿಲಿನಲ್ಲಿ ಛಾಯಾಚಿತ್ರ ತೆಗೆಯುವುದು, ಎಲ್ಲಕ್ಕಿಂತ ಮಿಗಿಲಾಗಿ ಆ ಬೀದಿಯ ಜನರಿಗೆ ಅದರ ಅರ್ಥವನ್ನು ತಿಳಿಸುವುದು: ಇವು ಪಾಂಡಿತ್ಯವನ್ನು ಬೇಡದ, ತಾಳ್ಮೆಯನ್ನು ಬೇಡುವ ಕೆಲಸಗಳು. ತಮ್ಮ ಬೀದಿಯ ಕಲ್ಲು ಏನು ಹೇಳುತ್ತದೆಂದು ತಿಳಿದ ಜನ ಅದನ್ನು ಮತ್ತೆ ಚರಂಡಿಗೆ ಹಾಸಲಾರರು. ಕಾನೂನು ಮಾಡಲಾಗದ ರಕ್ಷಣೆಯನ್ನು ಈ ತಿಳಿವಳಿಕೆ ಮಾಡುತ್ತದೆ.

ಉತ್ಸಾಹಕ್ಕೆ ಶಿಸ್ತಿನ ಕಡಿವಾಣವೂ ಬೇಕು. ಸ್ವಯಂಸೇವಕನು ತಾನಾಗಿ ನೆಲವನ್ನು ಅಗೆಯಬಾರದು. ಉತ್ಖನನವು ಅನುಮತಿ ಪಡೆದ ತಜ್ಞರ ಕೆಲಸ. ನೆಲದೊಳಗಿನ ವಸ್ತುವಿಗೆ ಅದಿದ್ದ ಪದರವೇ ಸಾಕ್ಷಿ; ಒಮ್ಮೆ ಕಿತ್ತರೆ ಆ ಸಾಕ್ಷಿ ಮರಳಿ ಬರದು. ಅಕ್ಷರ ಸ್ಪಷ್ಟವಾಗಲೆಂದು ಸುಣ್ಣ ಬಳಿಯುವುದು, ಬಣ್ಣ ತುಂಬುವುದು, ಉಳಿಯಿಂದ ಕೆದಕುವುದು ಸಲ್ಲದು. ಕಲ್ಲನ್ನು ಮನೆಗೆ ಒಯ್ಯುವುದಂತೂ ಸೇವೆಯಲ್ಲ, ಕಳವು. ಹೊಸದೇನಾದರೂ ಕಂಡರೆ ಪುರಾತತ್ವ ಇಲಾಖೆಗೋ ತಜ್ಞರಿಗೋ ತಿಳಿಸಿ, ಕಲ್ಲನ್ನು ಇದ್ದಲ್ಲಿಯೇ ಬಿಡುವುದು ಉತ್ತಮ.

ಇನ್ನು ನಮ್ಮ ಪಾಲಿನ ಮಾತು. ಗುಡಿಯ ಅಂಗಳದ ಕಲ್ಲಿಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಆ ಕಲ್ಲು ಹೇಳುವ ಕೆರೆಯ ನೀರನ್ನು ಎಲ್ಲರ ಪೂರ್ವಿಕರೂ ಕುಡಿದಿದ್ದಾರೆ. ಆ ಕಲ್ಲಿನ ಭಾಷೆಯಿಂದಲೇ ನಮ್ಮ ಪ್ರಾರ್ಥನೆಯ ಭಾಷೆಯೂ ಬೆಳೆದು ಬಂದಿದೆ. ಅಲ್ಲದೆ ನಮ್ಮದೇ ಹಿತ್ತಿಲಲ್ಲಿ ಓದದೆ ಬಿಟ್ಟ ಬರಹಗಳು ಎಷ್ಟಿಲ್ಲ? ಹಳೆಯ ಧರ್ಮಕೇಂದ್ರಗಳ ಸಮಾಧಿ ಭೂಮಿಯಲ್ಲಿ ಅಕ್ಷರ ಸವೆಯುತ್ತಿರುವ ಶಿಲುಬೆಗಲ್ಲುಗಳಿವೆ. ದೇವಾಲಯದ ಅಡಿಗಲ್ಲುಗಳು, ಗಂಟೆಯ ಮೇಲಿನ ಬರಹಗಳು, ಗೆದ್ದಲಿಗೆ ಆಹಾರವಾಗುತ್ತಿರುವ ಜ್ಞಾನಸ್ನಾನ ವಿವಾಹಗಳ ದಾಖಲೆ ಪುಸ್ತಕಗಳಿವೆ. ಜೀರ್ಣೋದ್ಧಾರದ ಸಂಭ್ರಮದಲ್ಲಿ ಹಳೆಯ ಕಲ್ಲನ್ನು ಕಿತ್ತು ಗ್ರಾನೈಟು ಹಾಸುವ ಮುನ್ನ ಅದರ ಮೇಲೆ ಏನು ಬರೆದಿದೆಯೆಂದು ಒಮ್ಮೆ ಓದಿಕೊಳ್ಳುವುದು ಕಷ್ಟವಲ್ಲ. ಯುವಜನರ ಸಂಘವೊಂದು ಒಂದು ಬೇಸಿಗೆ ರಜೆಯಲ್ಲಿ ತಮ್ಮ ಸಮಾಧಿ ಭೂಮಿಯ ಎಲ್ಲ ಬರಹಗಳನ್ನೂ ನಕಲು ಮಾಡಿ, ಚಿತ್ರ ತೆಗೆದು, ಗುರುಗಳ ಕೈಗೆ ಒಪ್ಪಿಸಿದರೆ ಅದೂ ಪುರಾತತ್ವದ ಸೇವೆಯೇ.

ವೀರಗಲ್ಲನ್ನು ನಿಲ್ಲಿಸಿದವರು ಸತ್ತವನ ಹೆಸರು ಅಳಿಯಬಾರದೆಂದು ನಿಲ್ಲಿಸಿದರು. ಮುಂದೊಂದು ದಿನ ಯಾರೋ ಬಂದು ಓದುತ್ತಾರೆಂಬ ಭರವಸೆ ಅವರಿಗಿತ್ತು. ಆ ಭರವಸೆಯನ್ನು ಉಳಿಸಿಕೊಡುವ ಸರದಿ ಈಗ ನಮ್ಮದು. ಈ ರಜೆಗೆ ಊರಿಗೆ ಹೋದಾಗ, ಕೆರೆಯ ಏರಿಯ ಮೇಲಿನ ಆ ಕಲ್ಲನ್ನು ಮಕ್ಕಳಿಗೆ ತೋರಿಸಿ, ಅಜ್ಜನನ್ನು ಅದರ ಕುರಿತು ಒಂದು ಮಾತು ಕೇಳಿನೋಡಿ.