ರಾಶಿಯೂ ವೃತ್ತಿಯೂ: ಒಂದು ಐತಿಹಾಸಿಕ ವಿವೇಚನೆ

ಜನ್ಮರಾಶಿಯಿಂದ ಸ್ವಭಾವವನ್ನೂ, ಸ್ವಭಾವದಿಂದ ತಕ್ಕ ವೃತ್ತಿಯನ್ನೂ ನಿರ್ಣಯಿಸಬಹುದೆಂಬ ನಂಬಿಕೆ ಪ್ರಾಚೀನ ಶಾಸ್ತ್ರದಿಂದ ಬಂದುದೆಂದು ಹಲವರು ಭಾವಿಸಿದ್ದಾರೆ. ಸಿಂಹರಾಶಿಯವನಿಗೆ ಅಧಿಕಾರ, ಕನ್ಯಾರಾಶಿಯವನಿಗೆ ಲೆಕ್ಕಪತ್ರ ಎಂಬಂಥ ಸಲಹೆಗಳು ಕಾಲೇಜು ಸೇರುವ ವಿದ್ಯಾರ್ಥಿಯ ಕಿವಿಗೂ ಬೀಳುತ್ತವೆ. ಈ ನಂಬಿಕೆ ನಿಜವಾಗಿಯೂ ಎಷ್ಟು ಹಳೆಯದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಕಾಲದ ರೋಮನ್ ಕವಿ ಮನೀಲಿಯಸ್ ತನ್ನ 'ಅಸ್ಟ್ರೊನಾಮಿಕ' ಕಾವ್ಯದ ನಾಲ್ಕನೆಯ ಭಾಗದಲ್ಲಿ ಹನ್ನೆರಡು ರಾಶಿಗಳಿಗೂ ಕಸಬುಗಳನ್ನು ಹಂಚಿದ್ದಾನೆ. ಮೇಷಕ್ಕೆ ಉಣ್ಣೆಯ ಕೆಲಸ, ವೃಷಭಕ್ಕೆ ಉಳುಮೆ, ತುಲೆಗೆ ತೂಕ, ಅಳತೆ ಮತ್ತು ನ್ಯಾಯ, ಕುಂಭಕ್ಕೆ ನೀರನ್ನು ಹುಡುಕಿ ಹರಿಸುವ ವಿದ್ಯೆ. ಬಹುಮಟ್ಟಿಗೆ ರಾಶಿಯ ಆಕೃತಿಯೇ ಕಸಬನ್ನು ಸೂಚಿಸಿರುವುದು ಇಲ್ಲಿ ಸ್ಪಷ್ಟವಾಗಿದೆ. ದೂರದ ನೀರನ್ನು ನಗರಗಳಿಗೆ ತಂದ ರೋಮನ್ನರ ಜೀವನವೂ ಈ ಪಟ್ಟಿಯಲ್ಲಿ ಪ್ರತಿಬಿಂಬಿಸಿದೆ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿಯಾದರೋ ವೃತ್ತಿಯ ನಿರ್ಣಯವನ್ನು ಮುಖ್ಯವಾಗಿ ಬುಧ, ಶುಕ್ರ, ಕುಜ ಎಂಬ ಮೂರು ಗ್ರಹಗಳಿಗೆ ಒಪ್ಪಿಸಿದನು.

ಭಾರತದಲ್ಲಿ ಆರನೆಯ ಶತಮಾನದ ವರಾಹಮಿಹಿರನು 'ಬೃಹಜ್ಜಾತಕ'ದಲ್ಲಿ ಕರ್ಮಾಜೀವವೆಂಬ ಪ್ರತ್ಯೇಕ ಅಧ್ಯಾಯವನ್ನೇ ರಚಿಸಿದ್ದಾನೆ. ಹತ್ತನೆಯ ಮನೆಯನ್ನು ಆಧರಿಸಿ ಗ್ರಹಗಳ ಮೂಲಕ ಧನಾಗಮದ ದಾರಿಯನ್ನು ಹೇಳುವುದು ಅಲ್ಲಿನ ಕ್ರಮ. ಬುಧನಿಗೆ ಬರವಣಿಗೆ ಮತ್ತು ಗಣಿತ, ಕುಜನಿಗೆ ಲೋಹ, ಬೆಂಕಿ, ಆಯುಧ. ಶನಿಗೆ ಹೊರೆ ಹೊರುವುದು ಮತ್ತು ಕೀಳೆಂದು ಎಣಿಸಿದ ಕೆಲಸಗಳು. ದುಡಿಮೆಗಾರನ ಬಗೆಗೆ ಆ ಸಮಾಜಕ್ಕಿದ್ದ ತಾತ್ಸಾರವು ಹೀಗೆ ಗ್ರಹಫಲದ ರೂಪವನ್ನು ತಾಳಿದೆ. ರಾಶಿಗಳ ಶೀಲವನ್ನು ಹೇಳುವ ಭಾಗ ಬೇರೆಯೇ ಇದೆ. ಅಲ್ಲಿಯೂ ಕೆಲವು ಜೀವನೋಪಾಯಗಳ ಪ್ರಸ್ತಾಪ ಉಂಟಾದರೂ ವೃತ್ತಿಯನ್ನು ಆರಿಸಿಕೊಳ್ಳಲು ಅದು ಕೈಪಿಡಿಯಲ್ಲ. ಈ ಜಾತಕಶಾಸ್ತ್ರ ಕನ್ನಡಕ್ಕೂ ಬೇಗನೆ ಬಂದಿತು. ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು 'ಜಾತಕತಿಲಕ'ವನ್ನು ರಚಿಸಿದನು.

ಹಳೆಯ ಗ್ರಂಥಗಳು ಕೇಳುವ ಪ್ರಶ್ನೆ 'ಇವನಿಗೆ ಧನ ಎಲ್ಲಿಂದ ಬಂದೀತು?' ಎಂಬುದು. 'ಇವನು ಏನನ್ನು ಆರಿಸಿಕೊಳ್ಳಬೇಕು?' ಎಂಬ ಪ್ರಶ್ನೆ, ತಂದೆಯ ಕಸಬೇ ಮಗನ ಕಸಬಾಗಿದ್ದ ಸಮಾಜದಲ್ಲಿ ಬಹುಪಾಲು ಜನರ ಮುಂದೆ ಏಳುವಂತಿರಲಿಲ್ಲ. ಅದು ಏಳಬೇಕಾದರೆ ಶಾಲೆ, ಪರೀಕ್ಷೆ, ಉದ್ಯೋಗಗಳು ಎಲ್ಲರಿಗೂ ತೆರೆದಿರಬೇಕು.

ಸ್ವಭಾವಕ್ಕೆ ಪ್ರಾಧಾನ್ಯ ಬಂದ ಬಗೆಯೂ ಕುತೂಹಲಕರವಾಗಿದೆ. ಭವಿಷ್ಯ ಹೇಳುವುದು ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧವಾಗಿತ್ತು. ಅಲನ್ ಲಿಯೊ ಎಂಬ ಜ್ಯೋತಿಷಿಯ ಮೇಲೆ 1914ರಲ್ಲಿಯೂ 1917ರಲ್ಲಿಯೂ ಮೊಕದ್ದಮೆ ನಡೆದು ಎರಡನೆಯ ಸಲ ದಂಡ ಬಿದ್ದಿತು. ಅವನು ಮುಂದಾಗುವುದನ್ನು ಹೇಳುವುದಕ್ಕಿಂತ ಗುಣಲಕ್ಷಣಗಳನ್ನು ವಿವರಿಸುವುದಕ್ಕೆ ಒತ್ತು ಕೊಟ್ಟನು. 1930ರ ಆಗಸ್ಟಿನಲ್ಲಿ ಲಂಡನ್ನಿನ 'ಸಂಡೇ ಎಕ್ಸ್‌ಪ್ರೆಸ್' ಪತ್ರಿಕೆ ರಾಜಕುಮಾರಿ ಮಾರ್ಗರೆಟ್ಟಳ ಜಾತಕವನ್ನು ಪ್ರಕಟಿಸಿತು. ಆ ದಶಕದಲ್ಲಿ ಜನ್ಮದಿನಾಂಕವೊಂದರಿಂದಲೇ ಹನ್ನೆರಡು ಗುಂಪುಗಳಿಗೆ ಫಲ ಹೇಳುವ ಅಂಕಣಗಳು ರೂಢಿಗೆ ಬಂದವು. ನಮ್ಮಲ್ಲಿ ಜನ್ಮರಾಶಿಯೆಂದರೆ ಚಂದ್ರನಿರುವ ರಾಶಿ. ಈ ಅಂಕಣಗಳಲ್ಲಿ ಸೂರ್ಯನಿರುವ ರಾಶಿ. ಒಬ್ಬನಿಗೇ ಎರಡು ರಾಶಿ, ಎರಡು ಸ್ವಭಾವ ದೊರೆಯುವುದು ಹೀಗೆ.

ಜಾತಕವನ್ನು ನೋಡಿ, ಮೂರು ವ್ಯಕ್ತಿತ್ವ ವಿವರಣೆಗಳಲ್ಲಿ ಸರಿಯಾದುದನ್ನು ಗುರುತಿಸುವಂತೆ ಶಾನ್ ಕಾರ್ಲ್‌ಸನ್ ಜ್ಯೋತಿಷಿಗಳನ್ನು ಕೇಳಿದನು. 1985ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಸರಿಯುತ್ತರಗಳು ಸುಮಾರು ಮೂರರಲ್ಲೊಂದು. ಕಣ್ಣು ಮುಚ್ಚಿ ಆರಿಸಿದರೂ ಅಷ್ಟೇ ದೊರೆಯುತ್ತಿತ್ತು.

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವುದಿಷ್ಟು: ಈ ಪಟ್ಟಿಗಳು ಆಯಾ ಕಾಲದ ಕಸಬುಗಳಿಗೂ ಅವುಗಳ ಮೇಲುಕೀಳಿಗೂ ಬೆಲೆಯುಳ್ಳ ಸಾಕ್ಷ್ಯಗಳು, ಚರಿತ್ರೆಯ ವಿದ್ಯಾರ್ಥಿ ಅವನ್ನು ಅವಶ್ಯವಾಗಿ ಓದಬೇಕು. ಆದರೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಬಹುಜನರಿಗೆ ಬಂದದ್ದು ಇತ್ತೀಚೆಗೆ, ಅದೂ ಬಹಳ ಕಷ್ಟದಿಂದ. ಅದನ್ನು ಹುಟ್ಟಿದ ತಿಂಗಳಿಗೆ ಒಪ್ಪಿಸಿದರೆ, ಹಿಂದೆ ಕುಲ ವಿಧಿಸುತ್ತಿದ್ದುದನ್ನು ಈಗ ಪಂಚಾಂಗ ವಿಧಿಸಿದಂತಾಗುತ್ತದೆ.