8 ಸಾವಿರದ ಕಾರಿಗೆ 38 ಸಾವಿರದ ರಿಪೇರಿ

ಇವತ್ತಿನ ಇತಿಹಾಸ ನಮ್ಮನೆ ಶೆಡ್‌ನಿಂದಲೇ ಶುರು. ದಾವಣಗೆರೆಯಲ್ಲಿ ನಮ್ಮಪ್ಪನ ಮಾರುತಿ 800 ಇದೆ, 2006ರ ಮಾಡೆಲ್. ಹೋದ ತಿಂಗಳು ಮೆಕ್ಯಾನಿಕ್ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್‌ನಲ್ಲಿ ತಳಕ್ಕೆ ಒಂದು ಚುಚ್ಚು ಚುಚ್ಚಿದರು. ಅಮ್ಮ ಕೂರೋ ಸೀಟಿನ ಮುಂದೆ ನೆಲ ಕಾಣಿಸ್ತು! ತುಕ್ಕು. ತಳದ ವೆಲ್ಡಿಂಗ್, ಕ್ಲಚ್ ಪ್ಲೇಟ್, ರೇಡಿಯೇಟರ್, ಮುಂದಿನ ಸಸ್ಪೆನ್ಷನ್, ಎಲ್ಲ ಸೇರಿ 38 ಸಾವಿರ ಅಂದರು.

ನಾನು ಬಿ.ಕಾಂ. ಓದಿದವನು, ಕೈ ಸುಮ್ಮನಿರಲ್ಲ. ಅಪ್ಪ ಕೊಂಡಿದ್ದು 2 ಲಕ್ಷದ 10 ಸಾವಿರಕ್ಕೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಹಿಡೀತಾರೆ. ಹಾಗೆ 20 ವರ್ಷ ಕಳೆದರೆ ಪುಸ್ತಕದಲ್ಲಿ ಉಳಿಯೋದು 8,140 ರೂಪಾಯಿ. “ಅಪ್ಪಾ, 8 ಸಾವಿರದ ಗಾಡಿಗೆ 38 ಸಾವಿರ ಸುರೀತೀರಾ?” ಅಂದೆ.

“ನಿನ್ನ ಲೆಕ್ಕ ಸರಿ ಇರಬಹುದು ಕಣೋ. ನಮ್ಮ ಕಾಲದಲ್ಲಿ ಹೊಸ ಕಾರಿಗಿಂತ ಹಳೇ ಕಾರಿಗೇ ಜಾಸ್ತಿ ದುಡ್ಡಿತ್ತು” ಅಂದರು ಅಪ್ಪ.

ನಂಬಲಿಲ್ಲ. ಹುಡುಕಿ ಓದಿದೆ. ನಿಜ.

ಲೈಸೆನ್ಸ್ ರಾಜ್ ಕಾಲ ಅದು. ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಬಿಟ್ಟರೆ ಆಯ್ಕೆನೇ ಇರಲಿಲ್ಲ. ಯಾವ ಕಂಪನಿ ಎಷ್ಟು ಕಾರು ಮಾಡಬೇಕು ಅನ್ನೋದು ಸರ್ಕಾರದ ಕೈಯಲ್ಲಿತ್ತು. 1969ರಲ್ಲಿ ಬೆಲೆಯನ್ನೂ ಸರ್ಕಾರವೇ ಕಟ್ಟಿತು. ಕಂಪನಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದವು. ಫಿಯಟ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಕೈಯಲ್ಲಿ ಕಾರಿದ್ದವನು ಸರ್ಕಾರಿ ಬೆಲೆಗಿಂತ ಹೆಚ್ಚಿಗೆ ಮಾರಬಹುದಿತ್ತು. ನಾನು ಕಾಲೇಜಲ್ಲಿ ಕಲಿತ ಸವಕಳಿ ಲೆಕ್ಕದ ಹಿಂದೆ ಒಂದು ನಂಬಿಕೆ ಇದೆ: ನಾಳೆ ಅಂಗಡಿಗೆ ಹೋದರೆ ಹೊಸದು ಸಿಗುತ್ತೆ ಅಂತ. ಆಗ ಸಿಗ್ತಿರಲಿಲ್ಲ. ಎಂಜಿನ್ ಬಿಚ್ಚಿ ಬೋರ್ ಮಾಡಿಸಿ, ರಿಂಗ್ ಹಾಕಿಸಿ, ಮತ್ತೆ ಓಡಿಸೋದೇ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಇವಕ್ಕೆಲ್ಲ ಅನ್ನ ಹಾಕಿದ್ದು ಇದೇ ರಿಪೇರಿ.

1983ರಲ್ಲಿ ಮಾರುತಿ 800 ಬುಕಿಂಗ್ ತೆರೆದಾಗ ಲಕ್ಷಕ್ಕೂ ಮಿಕ್ಕಿ ಜನ ದುಡ್ಡು ಕಟ್ಟಿದರು. ಬೆಲೆ 50 ಸಾವಿರದ ಆಸುಪಾಸು. ಆ ವರ್ಷದ ಡಿಸೆಂಬರ್ 14ಕ್ಕೆ ಮೊದಲ ಕಾರಿನ ಕೀ ಕೊಟ್ಟಿದ್ದು ಇಂದಿರಾ ಗಾಂಧಿ. ಲಾಟರಿಯಲ್ಲಿ ಹೆಸರು ಬಂದು ತಗೊಂಡವರು ದೆಹಲಿಯ ಹರ್‌ಪಾಲ್ ಸಿಂಗ್. ಆಮೇಲಿನ ಕಥೆ ನನಗೆ ಇನ್ನೂ ಇಷ್ಟ. ಆ ಮನುಷ್ಯ 2010ರಲ್ಲಿ ತೀರಿಕೊಳ್ಳೋವರೆಗೂ, ಅಂದರೆ 27 ವರ್ಷ, ಅದೇ ಕಾರು ಇಟ್ಟುಕೊಂಡಿದ್ದರು. ಆಮೇಲೆ ಅದು ಗ್ರೀನ್ ಪಾರ್ಕ್‌ನ ಮನೆ ಮುಂದೆ ತುಕ್ಕು ಹಿಡಿದು ನಿಂತಿತ್ತು. ಕೊನೆಗೆ ಕಂಪನಿಯೇ ಅದನ್ನ ರಿಪೇರಿ ಮಾಡಿ ತನ್ನ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದೆ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡ ಅಂತಾಯ್ತು, ಸಾಲ ಸುಲಭ ಆಯ್ತು, ಕ್ಯೂ ಕರಗಿತು. 2010ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಂದು ಬೆಂಗಳೂರು ಸೇರಿ 13 ನಗರಗಳಲ್ಲಿ 800ರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ಉತ್ಪಾದನೆಯೇ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರು ಮಾರಾಟ ಆಗಿದ್ದವು.

ಈಗ ಸರ್ಕಾರದ ಮಾತು ಉಲ್ಟಾ: ಹಳೇದನ್ನ ಗುಜರಿಗೆ ಹಾಕಿ. ನಾವು 2021ರ ನವೆಂಬರ್‌ನಲ್ಲಿ ಆರ್‌ಸಿ ನವೀಕರಿಸಿದಾಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5 ಸಾವಿರ ಆಯ್ತು. 2025ರ ಆಗಸ್ಟ್‌ನಿಂದ, 20 ವರ್ಷ ದಾಟಿದ ಕಾರಿಗೆ 10 ಸಾವಿರ. ಗ್ರೀನ್ ಟ್ಯಾಕ್ಸ್ ಬೇರೆ. ನಮ್ಮ ಕಾರಿನ ಅವಧಿ ಈ ನವೆಂಬರ್‌ಗೆ ಮುಗಿಯುತ್ತೆ.

ಹಳೇ ಕಾರು ಅಂದರೆ ನನಗೂ ಕರುಳು ಚುರ್ ಅನ್ನುತ್ತೆ, ನಾನು ಡ್ರೈವಿಂಗ್ ಕಲಿತಿದ್ದೇ ಅದರಲ್ಲಿ. ಆದರೆ ಅದರಲ್ಲಿ ಏರ್‌ಬ್ಯಾಗ್ ಇಲ್ಲ. ಹೈವೇಲಿ ಲಾರಿ ಪಕ್ಕ ಹೋಗುವಾಗ ಅಮ್ಮನ ಕಾಲಡಿಯ ಆ ತೂತೇ ಕಣ್ಣಿಗೆ ಬರುತ್ತೆ. ಇದನ್ನ ಅಪ್ಪನಿಗೆ ಹೇಳಿದಾಗ ಮಾತ್ರ ಅವರು ವಾದ ಮಾಡಲಿಲ್ಲ.

ಕೊನೆಗೆ ತಳದ ವೆಲ್ಡಿಂಗ್ ಮತ್ತು ಕ್ಲಚ್ ಅಷ್ಟೇ ಮಾಡಿಸಿದ್ವಿ, 17 ಸಾವಿರ. ನವೆಂಬರ್‌ವರೆಗೆ ಊರೊಳಗೆ ಮಾತ್ರ. ಸಸ್ಪೆನ್ಷನ್ ದುಡ್ಡು ಹೊಸ ಕಾರಿನ ಮುಂಗಡಕ್ಕೆ ಇರಲಿ ಅಂತ ನಾನು. ನೋಡೋಣ ಅಂತ ಅಪ್ಪ. ಹೋದ ಭಾನುವಾರ ಇಬ್ಬರೂ ಒಂದು ಶೋರೂಮಿಗೆ ಹೋಗಿದ್ವಿ. ಸೇಲ್ಸ್ ಹುಡುಗ ಟಚ್‌ಸ್ಕ್ರೀನ್ ತೋರಿಸ್ತಾ ಇದ್ದ. ಅಪ್ಪ ಹಿಂದಿನ ಬಾಗಿಲು ತೆಗೆದು, ಬಗ್ಗಿ, ಮ್ಯಾಟ್ ಎತ್ತಿ ತಳ ನೋಡ್ತಾ ಇದ್ದರು.