ಒಂದು ಕ್ವಾರ್ಟರ್‌, ಆರು ಲೆಕ್ಕ: ಮದ್ಯಸೇವನೆಯ ಅಧ್ಯಯನಕ್ಕೆ ಕಾಲಿಡುವ ಹೊಸ ಸಂಶೋಧಕರ ಮೊದಲ ಕೆಲಸ

ನಾನು ಈ ಕ್ಷೇತ್ರಕ್ಕೆ ಬಂದ ಮೊದಲ ವರ್ಷದ ಮಾತು. ಹಳೇ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ, ಕಬ್ಬು ಕಡಿದು ಬಂದು ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ಪ್ರಶ್ನಾವಳಿ ಓದಿ ಹೇಳುತ್ತಿದ್ದೆ. ಕುಡಿದ ದಿನ ಎಷ್ಟು ಕುಡಿಯುತ್ತೀರಿ ಎಂದು ಕೇಳಿದೆ. "ಒಂದೇ ಕಣಪ್ಪಾ, ಜಾಸ್ತಿ ಇಲ್ಲ" ಎಂದರು. 'ಒಂದು ಅಥವಾ ಎರಡು' ಎಂಬ ಮನೆಯಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು. "ಒಂದು ಅಂದ್ರೆ ಒಂದು ಕ್ವಾಟ್ರು ಕಣಪ್ಪಾ. ಅದ್ನೂ ಬರ್ಕೊ."

ಹಾಕಿದ ಗುರುತು ತಪ್ಪೆಂದು ಆಗಲೇ ಹೊಳೆಯಿತು. ಎಷ್ಟು ತಪ್ಪು ಎಂಬುದು ತಿಳಿದದ್ದು ರಾತ್ರಿ ಕೂತು ಲೆಕ್ಕ ಹಾಕಿದಾಗ. ಹೊಸ ಸಂಶೋಧಕರ ಮೊದಲ ಕೆಲಸ ಸಿದ್ಧ ಮಾಪನವನ್ನು ಊರಿಗೆ ಒಯ್ಯುವುದಲ್ಲ, ಊರಿನ ಅಳತೆಯನ್ನು ಮಾಪನದ ಒಳಗೆ ತರುವುದು ಎಂಬ ಈ ಲೇಖನದ ವಾದ ಹುಟ್ಟಿದ್ದು ಆ ಲೆಕ್ಕದಿಂದ. ಈ ಕೆಲಸಕ್ಕೆ ನಮ್ಮ ಸಂಶೋಧನಾ ವ್ಯವಸ್ಥೆಯಲ್ಲಿ ಸಮಯವನ್ನೂ ಕೊಡುವುದಿಲ್ಲ, ಹೆಸರನ್ನೂ ಕೊಡುವುದಿಲ್ಲ.

ನನ್ನ ಕೈಯಲ್ಲಿದ್ದದ್ದು 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯಲ್ಲಿ ಸಿದ್ಧವಾದ ಇದನ್ನು ಜಾನ್ ಸಾಂಡರ್ಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಅದನ್ನು ಒರೆಗೆ ಹಚ್ಚಿದ್ದು ಆರು ದೇಶಗಳಲ್ಲಿ: ಆಸ್ಟ್ರೇಲಿಯಾ, ಬಲ್ಗೇರಿಯಾ, ಕೀನ್ಯಾ, ಮೆಕ್ಸಿಕೊ, ನಾರ್ವೆ ಮತ್ತು ಅಮೆರಿಕ. ಭಾರತ ಆ ಆರರಲ್ಲಿ ಇರಲಿಲ್ಲ. ಸೊನ್ನೆಯಿಂದ 40ರವರೆಗೆ ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಗೆರೆ ದಾಟಿದೆ ಎಂದರ್ಥ. ಮೊದಲ ಮೂರು ಪ್ರಶ್ನೆಗಳು ಎಷ್ಟು ಸಲ, ಒಂದು ಸಲಕ್ಕೆ ಎಷ್ಟು, ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಕುಡಿಯುವುದು ಎಷ್ಟು ಬಾರಿ ಎಂದು ಕೇಳುತ್ತವೆ. ಈ 'ಎಷ್ಟು' ಎಂಬುದರ ಘಟಕ 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುವ ಒಂದು ಪ್ರಮಾಣಿತ ಪೆಗ್.

ನಮ್ಮ ಅಂಗಡಿಗಳಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನ ಬಾಟಲಿಯ ಮೇಲೆ ಶೇ. 42.8 ಎಂದು ಅಚ್ಚಾಗಿರುತ್ತದೆ. ಹಳೆಯ ಬ್ರಿಟಿಷ್ ಅಳತೆಯ 75 ಡಿಗ್ರಿ ಪ್ರೂಫ್ ಎಂದರೂ ಇದೇ. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ಅದರಲ್ಲಿ ಆಲ್ಕೋಹಾಲ್ 77 ಮಿಲಿಲೀಟರ್, ತೂಕದಲ್ಲಿ ಸುಮಾರು 61 ಗ್ರಾಂ. ಅಂದರೆ ಆ ಹಿರಿಯರ 'ಒಂದು' ಆಡಿಟ್‌ನ ಭಾಷೆಯಲ್ಲಿ ಆರು. ವಾರಕ್ಕೆ ನಾಲ್ಕು ರಾತ್ರಿ ಕುಡಿಯುತ್ತೇನೆಂದು ಅವರೇ ಹೇಳಿದ್ದರು. ನಾನು ಮೊದಲು ಬರೆದುಕೊಂಡಂತೆ ಮೂರು ಪ್ರಶ್ನೆಗಳ ಅಂಕ 4, 0, 0. ಒಟ್ಟು ನಾಲ್ಕು. ಸರಿಯಾಗಿ ಬರೆದಿದ್ದರೆ 4, 2, 3. ಒಟ್ಟು ಒಂಬತ್ತು. ಉಳಿದ ಏಳು ಪ್ರಶ್ನೆ ಕೇಳುವ ಮೊದಲೇ ಅವರು ಅಪಾಯದ ಗೆರೆಯ ಆಚೆಗಿದ್ದರು. ನನ್ನ ಹಾಳೆಯಲ್ಲಿ ಮಾತ್ರ ಈಚೆಗಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಸ್ವವರದಿಯನ್ನು ನಂಬಬಹುದೇ ಎಂದು ಪುಟಗಟ್ಟಲೆ ಚರ್ಚೆ ನಡೆದಿದೆ. ಅಲ್ಲಿ ಕುಡಿಯುವವರ ಪ್ರಾಮಾಣಿಕತೆಯ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ಕೇಳುವವರ ಅಜ್ಞಾನದ್ದು ಎಂದು ನಾನು ನಂಬುತ್ತೇನೆ.

ಬಿಯರಿನ ಲೆಕ್ಕವೂ ಹೀಗೆಯೇ. 650 ಮಿಲಿಲೀಟರಿನ ಸ್ಟ್ರಾಂಗ್ ಬಾಟಲಿಯಲ್ಲಿ ಶೇ. 8 ಎಂದು ಹಿಡಿದರೆ 41 ಗ್ರಾಂ, ಅಂದರೆ ನಾಲ್ಕು ಪ್ರಮಾಣಿತ ಪೆಗ್. "ಬರೀ ಬಿಯರ್ ಸಾರ್, ಒಂದೇ ಬಾಟ್ಲು" ಎನ್ನುವ ಕಾಲೇಜು ಹುಡುಗನನ್ನು ಎಷ್ಟೋ ಅಧ್ಯಯನಗಳು ಲೆಕ್ಕಕ್ಕೇ ಹಿಡಿದಿರಲಿಕ್ಕಿಲ್ಲ.

ಈ ಲೆಕ್ಕ ಬಾಟಲಿಯ ಮೇಲೆ ಚೀಟಿ ಇದ್ದಾಗ ಮಾತ್ರ ನಡೆಯುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ರಾಯಚೂರಿನ ಗಡಿ ಹಳ್ಳಿಗಳಲ್ಲಿ ಸಿಗುವ ಸೇಂದಿಯದು ಇನ್ನೊಂದು ತೊಡಕು. ಮರದಿಂದ ಇಳಿಸಿದ್ದಕ್ಕಿಂತ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸಿದ್ದು ಅಲ್ಲಿ ಬಹಳ ಕಾಲದ ಪಿಡುಗು. ಅದನ್ನು ಕುಡಿದವನಿಗೆ ಬರುವ ಮಂಪರು ಆಲ್ಕೋಹಾಲಿನದು ಮಾತ್ರವಲ್ಲ, ನಿದ್ರೆ ಬರಿಸುವ ಔಷಧದ್ದು. ಬಿಟ್ಟಾಗ ಬರುವ ನಡುಕ, ಭ್ರಮೆಗಳಿಗೂ ಎರಡು ಮೂಲ. ಪ್ರಮಾಣಿತ ಪೆಗ್ಗಿಗೆ ಇಲ್ಲಿ ಅರ್ಥವೇ ಇಲ್ಲ. ಇಂಥ ಕಡೆ ಹೊಸಬರು ಪ್ರಶ್ನಾವಳಿಯ ಮನೆಗಳನ್ನು ಬಲವಂತವಾಗಿ ತುಂಬಬಾರದು. ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಯನ್ನೇ ದತ್ತಾಂಶವೆಂದು ಹಿಡಿಯಬೇಕು.

ಅಳತೆಯಾದ ಮೇಲೆ ಮಾತು. ಕುಡಿತಕ್ಕೆ ಕನ್ನಡದಲ್ಲಿರುವ ಮಾತುಗಳು ಕುಡಿತವನ್ನು ಹೇಳಿಯೂ ಹೇಳದಂತಿರುತ್ತವೆ. ಬೆಂಗಳೂರಿನ ಹುಡುಗರು 'ಎಣ್ಣೆ ಹಾಕುತ್ತಾರೆ', ಅವರ ಚಿಕ್ಕಪ್ಪಂದಿರು 'ಗುಂಡು ಹಾಕುತ್ತಾರೆ', ಗೌರವಸ್ಥರ ಮನೆಯಲ್ಲಿ ಯಜಮಾನರು 'ಸ್ವಲ್ಪ ತಗೋತಾರೆ'. ಕಲಬುರಗಿ, ರಾಯಚೂರಿನ ಕಡೆ 'ಸೆರೆ ಕುಡಿತಾನ'. ಕುಡಿಯುತ್ತೀರಾ ಎಂದು ನೇರವಾಗಿ ಕೇಳಿದರೆ ಇಲ್ಲ ಎನ್ನುವವರು, 'ಯಾವಾಗಲಾದರೂ ತಗೊಳ್ಳೋದುಂಟಾ?' ಎಂದರೆ ನಿಧಾನವಾಗಿ ಬಾಯಿ ಬಿಡುತ್ತಾರೆ. ಆಡಿಟ್‌ನ ಏಳನೆಯ ಪ್ರಶ್ನೆ ಕುಡಿದ ಮೇಲೆ ಕಾಡುವ ಅಳುಕಿನ ಕುರಿತದ್ದು. ಅದನ್ನು 'ಪಾಪಪ್ರಜ್ಞೆ' ಎಂದು ಅನುವಾದಿಸಿದ ಪ್ರತಿಯನ್ನು ನಾನು ಬಳಸಿದ್ದೇನೆ. ಕೇಳಿದ ಹತ್ತರಲ್ಲಿ ಎಂಟು ಮಂದಿ ಆ ಪದ ಕೇಳಿ ದೇವಸ್ಥಾನದ ವಿಷಯವೆಂದುಕೊಂಡರು. 'ಯಾಕಾದ್ರೂ ಕುಡಿದೆನೋ ಅಂತ ಬೇಜಾರಾಗಿದ್ದುಂಟಾ' ಎಂದು ಬದಲಿಸಿದ ಮೇಲೆ ಉತ್ತರ ಬರತೊಡಗಿತು. ಹತ್ತನೆಯ ಪ್ರಶ್ನೆ ಕುಡಿತ ಕಡಿಮೆ ಮಾಡಿ ಎಂದು ಮನೆಯವರೋ ವೈದ್ಯರೋ ಹೇಳಿದ್ದಾರೆಯೇ ಎಂದು ಕೇಳುತ್ತದೆ. ಅದಕ್ಕೆ ಒಬ್ಬರು ಕೊಟ್ಟ ಮರುಪ್ರಶ್ನೆ: "ಹೆಂಡ್ತಿ ದಿನಾ ಬೈತಾಳೆ, ಅದೂ ಬರುತ್ತಾ ಸಾ?" ಬರುತ್ತದೆ. ಆದರೆ ಹಾಗೆಂದು ಯಾವ ಕೈಪಿಡಿಯೂ ನನಗೆ ಹೇಳಿಕೊಟ್ಟಿರಲಿಲ್ಲ.

ನಮ್ಮ ವಿದ್ವತ್ ಬರಹದ ಮಾತೂ ಇದೆ. 'ವ್ಯಸನ' ಎಂಬ ಪದಕ್ಕೆ ಕನ್ನಡದಲ್ಲಿ ಚಟ ಎಂಬ ಅರ್ಥದ ಜೊತೆಗೆ ದುಃಖ, ಚಿಂತೆ ಎಂಬ ಅರ್ಥವೂ ಉಂಟು. ಮಗ ಹೋದ ವ್ಯಸನದಲ್ಲಿದ್ದಾರೆ ಎನ್ನುತ್ತೇವೆ. ಅಂಥ ಪದವನ್ನು 'ವ್ಯಸನಿ' ಎಂದು ಮನುಷ್ಯನ ಮೇಲೆ ಚೀಟಿ ಅಂಟಿಸಲು ಬಳಸುವಾಗ ಅದರೊಳಗಿನ ದುಃಖವೆಲ್ಲ ಸೋರಿಹೋಗಿ ದೋಷ ಮಾತ್ರ ಉಳಿಯುತ್ತದೆ. 2010ರಲ್ಲಿ ಅಮೆರಿಕದ ಜಾನ್ ಕೆಲ್ಲಿ ಮತ್ತು ಕಸಾಂಡ್ರಾ ವೆಸ್ಟರ್‌ಹಾಫ್ ಒಂದೇ ರೋಗಿಯ ವಿವರವನ್ನು ಎರಡು ಹೆಸರಿನಲ್ಲಿ ಚಿಕಿತ್ಸಕರ ಮುಂದಿಟ್ಟರು. ಒಂದರಲ್ಲಿ ಆತ ಮಾದಕವಸ್ತುವಿನ ದುರ್ಬಳಕೆದಾರ, ಇನ್ನೊಂದರಲ್ಲಿ ಮಾದಕವಸ್ತು ಬಳಕೆಯ ತೊಂದರೆ ಇರುವವನು. ಮೊದಲನೆಯದನ್ನು ಓದಿದ ತಜ್ಞರು ಆತನೇ ತಪ್ಪಿತಸ್ಥ, ಶಿಕ್ಷೆಗೆ ತಕ್ಕವನು ಎಂಬ ಕಡೆಗೆ ಹೆಚ್ಚು ವಾಲಿದರು. ಓದಿ ಕಲಿತ ಚಿಕಿತ್ಸಕರನ್ನೇ ಒಂದು ಪದ ಹೀಗೆ ವಾಲಿಸುತ್ತದೆಯಾದರೆ ಊರ ಚಾವಡಿಯ ಮಾತು ಕುಡಿಯುವವನನ್ನು ಎಲ್ಲಿ ನಿಲ್ಲಿಸೀತು? 'ಕುಡುಕರ ಅಧ್ಯಯನ' ಎಂದು ಶೀರ್ಷಿಕೆ ಕೊಡುವ ಮೊದಲು ಹೊಸ ಸಂಶೋಧಕರು ತಮ್ಮ ಮನೆಯಲ್ಲೇ ಕುಡಿಯುವವರೊಬ್ಬರನ್ನು ನೆನೆದುಕೊಳ್ಳಲಿ.

ನೆನಪಿನ ವಿಷಯಕ್ಕೆ ಬಂದರೆ, ಲಿಂಡಾ ಸೋಬೆಲ್ ಮತ್ತು ಮಾರ್ಕ್ ಸೋಬೆಲ್ ರೂಪಿಸಿದ ಒಂದು ವಿಧಾನ ನನ್ನ ಅನುಭವದಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು, ಮರೆಯಲಾಗದ ದಿನಗಳಿಂದ ಹಿಂದಕ್ಕೆ ಹೋಗುತ್ತ, ಪ್ರತಿದಿನದ ಕುಡಿತವನ್ನು ಗುರುತಿಸುವುದು. ಅಚ್ಚಾದ ನಮೂನೆಯಲ್ಲಿ ಆ ದಿನಗಳು ಕ್ರಿಸ್‌ಮಸ್, ಹುಟ್ಟುಹಬ್ಬ. ನಮ್ಮಲ್ಲಿ ಅವು ಸಂತೆ, ಶನಿವಾರದ ಬಟವಾಡೆ, ಜಾತ್ರೆ, ಯುಗಾದಿಯ ಮಾರನೆಯ ದಿನದ ವರ್ಷತೊಡಕು, ಶ್ರಾವಣ. ಶ್ರಾವಣ ಸೋಮವಾರ ಮುಟ್ಟುವುದಿಲ್ಲ, ಮಾಲೆ ಹಾಕಿದ ದಿನಗಳಲ್ಲಿ ಮುಟ್ಟುವುದಿಲ್ಲ ಎನ್ನುವವರು ಬಹಳ. ಈ ಬಿಡುವುಗಳು ಬರಿಯ ಲೆಕ್ಕದ ವಿವರಗಳಲ್ಲ. ಅಯ್ಯಪ್ಪನ ಮಾಲೆ ಹಾಕಿಕೊಂಡು 41 ದಿನ ಕುಡಿಯದೆ ಇದ್ದವನಿಗೆ ಬಿಡುವ ಶಕ್ತಿ ಇದೆ. ಮಾಲೆ ತೆಗೆದ ದಿನ ಏನಾಗುತ್ತದೆ ಎಂಬುದು ಒಂದು ಪಿಎಚ್.ಡಿ.ಗೆ ಸಾಲುವಷ್ಟು ದೊಡ್ಡ ಪ್ರಶ್ನೆ.

ಈ ಎಚ್ಚರವೆಲ್ಲ ಯಾಕೆ ಬೇಕು ಎಂಬುದನ್ನು ದೇಶದ ಅಂಕಿಗಳು ಹೇಳುತ್ತವೆ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. 10ರಿಂದ 75 ವರ್ಷದವರಲ್ಲಿ ಶೇ. 14.6, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6. ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರಷ್ಟೇ ಯಾವುದಾದರೊಂದು ಚಿಕಿತ್ಸೆ ಕಂಡವರು. ಹೆಂಗಸರ ಆ ಶೇ. 1.6ರ ಮುಂದೆ ನಾನು ಪ್ರತಿ ಸಲ ನಿಲ್ಲುತ್ತೇನೆ. ಬಾಗಿಲಲ್ಲಿ ಅತ್ತೆ ನಿಂತಿರುವಾಗ, ಕೇಳುವವನು ಗಂಡಸಾಗಿರುವಾಗ ಯಾವ ಸೊಸೆ ಹೌದೆಂದಾಳು?

ಅಳತೆಯ ತಪ್ಪು ಚಿಕಿತ್ಸೆಗೂ ತಟ್ಟುತ್ತದೆ. ಗೋವಾದಲ್ಲಿ ಅಭಿಜಿತ್ ನಾಡಕರ್ಣಿ ಮತ್ತು ಸಂಗಡಿಗರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಗಂಡಸರಿಗೆ, ವೈದ್ಯರಲ್ಲದ ತರಬೇತಿ ಪಡೆದ ಸಲಹೆಗಾರರಿಂದ ಆಪ್ತಸಮಾಲೋಚನೆ ಕೊಡಿಸಿದರು. ಅದರಿಂದ ಪ್ರಯೋಜನವಾಯಿತೆಂಬ ಫಲಿತಾಂಶ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಆ ಪ್ರಯೋಗಕ್ಕೆ ಆರಿಸಿದ್ದು ಆಡಿಟ್‌ನಲ್ಲಿ 12ರಿಂದ 19 ಅಂಕ ಬಂದವರನ್ನು. ನನ್ನ ಜಗಲಿಯ ಹಿರಿಯರಿಗೆ ನಾನು ಮಾಡಿದ ಐದು ಅಂಕದ ತಪ್ಪು ಅಂಥ ಕಡೆ ಒಬ್ಬನನ್ನು ಚಿಕಿತ್ಸೆಯ ಹೊರಗೇ ನಿಲ್ಲಿಸಿಬಿಡುತ್ತದೆ.

ಕಾನೂನಿನ ವಿಷಯವನ್ನು ಮಾರ್ಗದರ್ಶಕರು ಮೊದಲ ದಿನವೇ ಹೇಳಿಕೊಡಬೇಕು. ಮದ್ಯ ರಾಜ್ಯದ ವಿಷಯ. ಗಾಂಜಾ, ಅಫೀಮು ಇತ್ಯಾದಿಗಳಿಗೆ 1985ರ ಎನ್‌ಡಿಪಿಎಸ್ ಕಾಯಿದೆ. ಅದರ 27ನೆಯ ಕಲಮಿನಡಿ ಸೇವನೆಯೂ ಅಪರಾಧ. ತಾನಾಗಿ ಚಿಕಿತ್ಸೆಗೆ ಬಂದವರಿಗೆ 64ಎ ಕಲಮು ರಕ್ಷಣೆ ಕೊಡುತ್ತದೆ, ನಮ್ಮ ಪ್ರಶ್ನೆಗೆ ಉತ್ತರಿಸಿದವರಿಗೆ ಅಂಥ ರಕ್ಷಣೆಯಿಲ್ಲ. ಒಂದೇ ಜಗಲಿಯಲ್ಲಿ ತಂದೆಯ ಕ್ವಾರ್ಟರ್ ಮತ್ತು ಮಗನ ಗಾಂಜಾ ಎರಡನ್ನೂ ಬರೆದುಕೊಳ್ಳುವ ವಿದ್ಯಾರ್ಥಿನಿಯ ನೋಟ್‌ಬುಕ್ ಮಗನ ಪಾಲಿಗೆ ಅಪಾಯದ ವಸ್ತು. ಹೆಸರು, ಮನೆ ನಂಬರು, ಮೊಬೈಲ್ ನಂಬರು ಉತ್ತರಗಳ ಜೊತೆ ಒಂದೇ ಹಾಳೆಯಲ್ಲಿ ಎಂದೂ ಇರಕೂಡದು. ಸಂಕೇತಗಳ ಪಟ್ಟಿ ಬೇರೆ ಕಡೆ, ಬೀಗದೊಳಗೆ ಇರಬೇಕು.

ಹಣದ ವಿಷಯವೂ ಇದೆ. ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದೇ ಎಂದು ಪರೀಕ್ಷಿಸಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹೊರಟಿದ್ದ ದೊಡ್ಡ ಪ್ರಯೋಗವನ್ನು 2018ರ ಜೂನ್‌ನಲ್ಲಿ ಕೈಬಿಡಬೇಕಾಯಿತು. ಅದಕ್ಕೆ ಮದ್ಯದ ಕಂಪನಿಗಳಿಂದ ಹಣ ಕೇಳಿದ್ದ ರೀತಿ ಬಯಲಾಗಿ, ಪ್ರಯೋಗದ ಮೇಲಿನ ನಂಬಿಕೆಯೇ ಹೋಯಿತು. ಅಂಥ ಯೋಜನೆ ಕುಸಿದಾಗ ಹಿರಿಯರಿಗೆ ಇನ್ನೊಂದು ಯೋಜನೆ ಸಿಗುತ್ತದೆ. ಅದನ್ನೇ ನೆಚ್ಚಿ ಮೂರು ವರ್ಷದ ಗುತ್ತಿಗೆಯಲ್ಲಿ ಬಂದವರ ಕೈಯಲ್ಲಿ ಏನು ಉಳಿಯುತ್ತದೆ?

ಇನ್ನು, ಸಂಶೋಧಕರ ಮನಸ್ಸು. ಈ ಕ್ಷೇತ್ರಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಅಪ್ಪನ ಕುಡಿತ ಕಂಡು ಬೆಳೆದವರು ಕಡಿಮೆಯಲ್ಲ. ಸಂಜೆ ಏಳಕ್ಕೆ ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತ ಮಗುವೇ ಮುಂದೆ ಪ್ರಶ್ನಾವಳಿ ಹಿಡಿದು ಬೇರೆಯವರ ಬಾಗಿಲು ತಟ್ಟುತ್ತದೆ. ಆ ನೆನಪಿನಿಂದ ಕಿವಿ ಸೂಕ್ಷ್ಮವಾಗುತ್ತದೆ, ಗಾಯವೂ ಹಸಿಯಾಗುತ್ತದೆ. ಸಂದರ್ಶನದ ನಡುವೆ ಗೃಹಿಣಿಯೊಬ್ಬಳು ತೋಳಿನ ಮೇಲಿನ ಬರೆ ತೋರಿಸಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಹೇಳಿಕೊಡದೆ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವುದು ತಪ್ಪು. ಟೆಲಿ ಮಾನಸ್‌ನ 14416 ಮತ್ತು ಮಹಿಳಾ ಸಹಾಯವಾಣಿಯ 181 ಪ್ರತಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿರಬೇಕು. ವಾರಕ್ಕೊಮ್ಮೆ ಮಾರ್ಗದರ್ಶಕರು ಎಷ್ಟು ನಮೂನೆ ತುಂಬಿತು ಎಂದಲ್ಲ, ಏನು ಕೇಳಿ ಬಂದೆ ಎಂದು ಕೇಳಬೇಕು.

ಮಾಪನವನ್ನು ಕನ್ನಡಕ್ಕೆ ತರುವುದೆಂದರೆ ಅನುವಾದ, ತಿರುಗು ಅನುವಾದ, ಹತ್ತಿಪ್ಪತ್ತು ಜನರ ಜೊತೆ ಒಂದೊಂದು ಪದದ ಪರೀಕ್ಷೆ, ಮತ್ತೆ ತಿದ್ದುಪಡಿ. ಆರು ತಿಂಗಳಾದರೂ ಬೇಕು. ಇದನ್ನು ಮಾಡುವುದು ಬಹುತೇಕ ಯೋಜನಾ ಸಹಾಯಕರು. ಪ್ರಬಂಧ ಅಚ್ಚಾದಾಗ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬಂದರೆ ದೊಡ್ಡದು. ಮಾಪನದ ಕನ್ನಡ ಪ್ರತಿಯೇ ಪ್ರಕಟಣೆಯೆಂದು ಎಣಿಕೆಯಾಗಬೇಕು, ಅದನ್ನು ಮಾಡಿದವರು ಲೇಖಕರೆಂದು ದಾಖಲಾಗಬೇಕು. ಈಗ ನಾನು ಮಾರ್ಗದರ್ಶನ ಮಾಡುವ ತಂಡದಲ್ಲಿ ಇದನ್ನು ಕೆಲಸ ಶುರುವಾಗುವ ಮೊದಲೇ ಬರೆದು ಸಹಿ ಹಾಕಿಕೊಳ್ಳುತ್ತೇವೆ.

ತಂಡದ ಚೀಲದಲ್ಲಿ ಈಗ ಪ್ರಶ್ನಾವಳಿಯ ಜೊತೆ ಒಂದು ಅಳತೆಯ ಜಾಡಿ ಇರುತ್ತದೆ. ನಿಮ್ಮ ಲೋಟ ತನ್ನಿ, ನೀವು ಹಾಕಿಕೊಳ್ಳುವಷ್ಟೇ ನೀರು ಹಾಕಿ ತೋರಿಸಿ ಎಂದು ಕೇಳುತ್ತೇವೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಾಗ, ಅವಳ ಅಜ್ಜನ ವಯಸ್ಸಿನವರೊಬ್ಬರು ಸ್ಟೀಲ್ ಲೋಟದ ಕಾಲು ಭಾಗಕ್ಕೆ ನೀರು ಸುರಿದು, "ಇಷ್ಟು ಕಣವ್ವಾ, ಒಂದು ಪೆಗ್ಗು" ಎಂದರು. ಅವಳು ಅದನ್ನು ಜಾಡಿಗೆ ಬಗ್ಗಿಸಿ, ಕಣ್ಣ ಮಟ್ಟಕ್ಕೆ ಎತ್ತಿ ನೋಡಿ, 85 ಎಂದು ಬರೆದುಕೊಂಡಳು. ಅವರು ಇಣುಕಿ ನೋಡಿ, ಅಷ್ಟಿದೆಯಾ ಎಂದು ಕೇಳಿ, ಇನ್ನೊಮ್ಮೆ ಸುರಿಯಲು ಲೋಟ ಮುಂದಿಟ್ಟರು.